ಎಲೆ ಉದುರುವ ಕಾಲದಲ್ಲಿ ತೋಟಕ್ಕೆ ಏನು ಬೇಕು, ಏನು ಬೇಡ

ಪ್ರಶ್ನೆ: ಹೋದ ಶರತ್ಕಾಲದಲ್ಲಿ ಮೈಮುರಿದು ದುಡಿದು ತೋಟವನ್ನು ಕನ್ನಡಿಯ ಹಾಗೆ ಮಾಡಿಟ್ಟೆ. ಬಿದ್ದ ಎಲೆಯನ್ನೆಲ್ಲ ಗುಡಿಸಿ ಹುಲ್ಲುಹಾಸಿನ ಮೇಲೆ ಅಲ್ಲಲ್ಲಿ ರಾಶಿ ಹಾಕಿದೆ. ಪೊದೆಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಸವರಿದೆ. ಚಳಿ ತಡೆದುಕೊಳ್ಳಲಿ ಎಂದು ಹುಲ್ಲಿಗೂ ಗಿಡಗಳಿಗೂ ಯೂರಿಯಾ ಕೊಟ್ಟೆ. ಎಳೆಯ ಸೇಬಿನ ಗಿಡದ ಬುಡಕ್ಕೆ ಮರದ ಚಕ್ಕೆ ಗುಡ್ಡೆ ಹಾಕಿದೆ. ಹಿಮ ಕರಗಿದ ಮೇಲೆ ನೋಡಿದರೆ ಲೈಲಾಕ್ ಎಂಬ ಹೂಪೊದೆ ಒಂದೂ ಹೂ ಬಿಡಲಿಲ್ಲ, ಕೊನೆಗೆ ನೆಟ್ಟ ನಾಲ್ಕು ಸಸಿಗಳು ಬೇರು ಸಮೇತ ಮೇಲೆದ್ದು ಒಣಗಿದ್ದವು, ಹುಲ್ಲಿನಲ್ಲಿ ಬೂದು ಬಣ್ಣದ ವೃತ್ತಗಳಿದ್ದವು, ಸೇಬಿನ ತೊಗಟೆಯನ್ನು ಏನೋ ಕಡಿದಿತ್ತು. ನಾನು ಏನು ಕಡಿಮೆ ಮಾಡಿದೆ? ಈ ಸಲ ನನಗೆ ಬಿಡುವಿರುವುದು ಎರಡು ಶನಿವಾರ ಮಾತ್ರ.

ಉತ್ತರ: ನೀವು ಏನನ್ನೂ ಕಡಿಮೆ ಮಾಡಲಿಲ್ಲ. ಹೆಚ್ಚು ಮಾಡಿದಿರಿ, ಮಾಡಿದ ಕೆಲಸಗಳಲ್ಲಿ ಅರ್ಧಕ್ಕೆ ಅದು ಕಾಲವೂ ಆಗಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಶ್ರದ್ಧೆಯಿಂದ ತೋಟ ನೋಡಿಕೊಳ್ಳುವವರೇ ಬೀಳುವ ಗುಂಡಿ ಇದು. ಕತ್ತರಿ ಹುಡುಕುವುದಕ್ಕೂ ಸೋಮಾರಿತನಪಟ್ಟವರ ಲೈಲಾಕ್ ಹೋದ ವಸಂತದಲ್ಲಿ ಮೈತುಂಬ ಹೂ ಬಿಟ್ಟಿರುತ್ತದೆ!

ಮೊದಲು ಈ ಕಾಲದಲ್ಲಿ ಗಿಡದೊಳಗೆ ನಡೆಯುವುದೇನು ಎಂದು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಹಗಲು ಗಿಡ್ಡವಾಗುತ್ತ ಬಂದಂತೆ ಮರ ಎಲೆಯಲ್ಲಿರುವ ಪತ್ರಹರಿತ್ತನ್ನು ಒಡೆದು, ಅಲ್ಲಿದ್ದ ಸಾರಜನಕ, ರಂಜಕಗಳ ದೊಡ್ಡ ಪಾಲನ್ನು ಕಾಂಡಕ್ಕೂ ಬೇರಿಗೂ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಮೊದಲಿನಿಂದಲೂ ಎಲೆಯಲ್ಲೇ ಅಡಗಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಆಂಥೋಸಯನಿನ್ ಎಂಬ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಬೆಂಡಿನಂಥ ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಮೇಲಿನಿಂದ ನೋಡುವವರಿಗೆ ತೋಟ ಮಲಗುತ್ತಿದೆ. ನೆಲದೊಳಗೆ ಹಾಗಲ್ಲ. ಗಾಳಿ ತಣ್ಣಗಾದಷ್ಟು ಬೇಗ ಮಣ್ಣು ತಣ್ಣಗಾಗುವುದಿಲ್ಲ, ಬೇಸಿಗೆಯ ಕಾವು ಅದರಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಮಣ್ಣಿನ ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೂ ಬಹಳಷ್ಟು ಗಿಡಗಳ ಬೇರು ಬೆಳೆಯುತ್ತಲೇ ಇರುತ್ತದೆ. ಬೇರು ದುಡಿಯಬೇಕು, ಕೊಂಬೆ ವಿಶ್ರಾಂತಿಗೆ ಇಳಿಯಬೇಕು, ಈ ಕಾಲದ ಲೆಕ್ಕ ಇಷ್ಟೇ. ನಿಮ್ಮ ಕತ್ತರಿ ಮತ್ತು ಯೂರಿಯಾ ಎರಡೂ ಕೊಂಬೆಗೆ ‘ಏಳು, ಚಿಗುರು’ ಎಂದು ಹೇಳಿದವು.

ಈಗ ಲೈಲಾಕ್. ಅದರ ಮುಂದಿನ ವಸಂತದ ಹೂಮೊಗ್ಗು ಈ ವರ್ಷದ ಬೇಸಿಗೆಯಲ್ಲೇ ಕಟ್ಟಿಕೊಂಡಿರುತ್ತದೆ. ಶರತ್ಕಾಲದ ಹೊತ್ತಿಗೆ ಕೊಂಬೆಯ ತುದಿಯಲ್ಲಿ ದಪ್ಪ ಮೊಗ್ಗುಗಳು ಜೋಡಿಯಾಗಿ ಕೂತಿರುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ನೀವು ಮೊಣಕಾಲೆತ್ತರಕ್ಕೆ ಸವರಿದಾಗ ಇಡೀ ವಸಂತವನ್ನೇ ಕತ್ತರಿಸಿ ಎಸೆದಿರಿ. ಅಜೇಲಿಯಾ, ಫಾರ್ಸಿಥಿಯಾ, ದೊಡ್ಡೆಲೆಯ ಹೈಡ್ರೇಂಜಿಯಾ ಇವುಗಳದ್ದೂ ಇದೇ ಕಥೆ. ವಸಂತದಲ್ಲಿ ಹೂ ಬಿಡುವ ಪೊದೆಯನ್ನು ಹೂ ಬಾಡಿದ ಕೂಡಲೇ ಸವರಬೇಕು, ಆಗ ಮತ್ತೆ ಮೊಗ್ಗು ಕಟ್ಟಲು ಅದಕ್ಕೆ ಇಡೀ ಬೇಸಿಗೆ ಸಿಗುತ್ತದೆ. ಬೇಸಿಗೆಯ ಕೊನೆಯಲ್ಲಿ ಹೊಸ ಚಿಗುರಿನ ಮೇಲೆ ಹೂ ಬಿಡುವ ಗಿಡಗಳಿಗೂ ಶರತ್ಕಾಲ ಹೊಂದುವುದಿಲ್ಲ. ಚಳಿಗಾಲ ಮುಗಿಯುತ್ತ ಬಂದಾಗ, ಮೊಗ್ಗು ಉಬ್ಬುವ ಮುಂಚೆ, ಅವುಗಳ ಸರದಿ. ಗುಲಾಬಿಯೂ ಅಷ್ಟೇ. ಗಾಳಿಗೆ ತೊನೆದು ಬುಡ ಸಡಿಲವಾಗುವಷ್ಟು ಉದ್ದದ ಕಡ್ಡಿಗಳಿದ್ದರೆ ಅವನ್ನು ಒಂದಿಷ್ಟು ಮೋಟು ಮಾಡಿ, ಮಿಕ್ಕದ್ದನ್ನು ವಸಂತಕ್ಕೆ ಬಿಡಿ.

ಈ ಕಾಲದಲ್ಲಿ ಸವರಿದರೆ ಇನ್ನೂ ಒಂದು ತೊಂದರೆಯಿದೆ. ಕತ್ತರಿಸಿದ ಜಾಗದ ಕೆಳಗಿನಿಂದ ಹೊಸ ಚಿಗುರು ಬರುತ್ತದೆ. ಹಳೆಯ ಕೊಂಬೆ ದಿನ ಗಿಡ್ಡವಾಗುತ್ತ, ಚಳಿ ಮೆಲ್ಲಗೆ ಏರುತ್ತ ಹೋದಂತೆ ಮೈ ಗಟ್ಟಿ ಮಾಡಿಕೊಂಡಿರುತ್ತದೆ. ಹೊಸ ಚಿಗುರಿಗೆ ಆ ವ್ಯವಧಾನವೆಲ್ಲಿ? ಮೊದಲ ಕಡು ಚಳಿಗೇ ಕಪ್ಪಾಗಿ ಜೋಲುತ್ತದೆ. ಗಾಯ ಮಾಯುವುದೂ ನಿಧಾನ. ಹಾಗಾದರೆ ಕತ್ತರಿಯನ್ನು ಮುಟ್ಟಲೇಬಾರದೇ? ಒಣಗಿದ, ಮುರಿದ, ರೋಗ ಹಿಡಿದ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಿರಿ. ಅದಕ್ಕೆ ಮುಹೂರ್ತ ನೋಡಬೇಕಿಲ್ಲ.

ಬೂದು ವೃತ್ತಗಳ ವಿಷಯದಲ್ಲಿ ಒಂದನ್ನು ನೆನಪು ಮಾಡಿಕೊಳ್ಳಿ: ಅವು ಎಲೆಯ ರಾಶಿಗಳಿದ್ದ ಜಾಗದಲ್ಲೇ ಇದ್ದವಲ್ಲವೇ? ಅಥವಾ ದಾರಿಯಿಂದ ಹಿಮ ಎಳೆದು ಗುಡ್ಡೆ ಹಾಕಿದ ಕಡೆ? ಹೌದಾದರೆ ಅದು ಹಿಮದಡಿಯ ಬೂಷ್ಟು, ಒಂದು ಶಿಲೀಂಧ್ರ ರೋಗ. ಮೇಲೆ ಹೊದಿಕೆ, ಕೆಳಗೆ ತೇವ, ಉದ್ದ ಬೆಳೆದು ಮಲಗಿದ ಹುಲ್ಲು, ಅದರ ಜೊತೆಗೆ ತಡವಾಗಿ ಕೊಟ್ಟ ಯೂರಿಯಾದ ಸಾರಜನಕದಿಂದ ರಸ ತುಂಬಿದ ಎಳೆ ಗರಿಗಳು, ಆ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಔತಣವಿಲ್ಲ. ಒಳ್ಳೆಯ ಸುದ್ದಿಯೆಂದರೆ ಬೂದು ಬಣ್ಣದ ಬೂಷ್ಟು ಸಾಮಾನ್ಯವಾಗಿ ಗರಿಯನ್ನು ಕೊಲ್ಲುತ್ತದೆ, ಬುಡವನ್ನು ಬಿಟ್ಟಿರುತ್ತದೆ. ವಸಂತದಲ್ಲಿ ರೇಕಿನಿಂದ ಮೆಲ್ಲಗೆ ಕೆದರಿ ಗಾಳಿಯಾಡಿಸಿದರೆ ಬಹುಪಾಲು ತಾನಾಗಿ ತುಂಬಿಕೊಳ್ಳುತ್ತದೆ. ಔಷಧಿ ಸಿಂಪಡಿಸಲು ಓಡಬೇಡಿ.

ಹುಲ್ಲಿಗೆ ಈ ಕಾಲದಲ್ಲಿ ಗೊಬ್ಬರವೇ ಬೇಡ ಎಂದು ಇದರಿಂದ ತೀರ್ಮಾನಿಸಬೇಡಿ. ಫೆಸ್ಕ್ಯೂ, ರೈ, ಬ್ಲೂಗ್ರಾಸ್‌ನಂಥ ತಂಪು ಪ್ರದೇಶದ ಹುಲ್ಲುಗಳಿಗೆ ವರ್ಷದ ಅತಿ ಮುಖ್ಯವಾದ ಊಟ ಶರತ್ಕಾಲದ ಆರಂಭದ್ದೇ. ಬೇಸಿಗೆಯ ಬಿಸಿಲಿಗೆ ಬಳಲಿದ ಬೇರು ಮತ್ತೆ ಹಬ್ಬುವುದು ಆಗ. ನಿಮ್ಮ ತಪ್ಪು ತಡ ಮಾಡಿದ್ದು. ಹುಲ್ಲು ನಡುವೆ ತೆಳ್ಳಗಾಗಿದ್ದರೆ ಮರು ಬಿತ್ತನೆಗೂ ಅದೇ ಹೊತ್ತು: ಮಣ್ಣು ಬೆಚ್ಚಗೆ, ಗಾಳಿ ತಂಪು, ಕಳೆಗಳ ಕಾಟ ಕಡಿಮೆ. ರೈ ಬೀಜ 5ರಿಂದ 10 ದಿನಕ್ಕೆ ಮೊಳೆಯುತ್ತದೆ, ಬ್ಲೂಗ್ರಾಸ್‌ಗೆ 2ರಿಂದ 4 ವಾರ ಬೇಕು. ಆದ್ದರಿಂದ ಮೊದಲ ಹೆಪ್ಪುಮಂಜಿಗೆ ಕನಿಷ್ಠ ಒಂದೂವರೆ ತಿಂಗಳಿರುವಾಗ ಬಿತ್ತಬೇಕು. ಜನ ನಡೆದಾಡಿ ಮಣ್ಣು ಗಟ್ಟಿಯಾಗಿದ್ದರೆ ಬಿತ್ತುವ ಮುಂಚೆ ಮಣ್ಣಿನ ಬಿಲ್ಲೆಗಳನ್ನು ಕಿತ್ತು ತೆಗೆಯುವ ಟೊಳ್ಳು ಹಲ್ಲಿನ ಯಂತ್ರವನ್ನು ಓಡಿಸಿ. ಕಿತ್ತ ಬಿಲ್ಲೆಗಳನ್ನು ಅಲ್ಲೇ ಬಿಡಿ, ಮಳೆಗೆ ಕರಗಿ ಹೋಗುತ್ತವೆ. ಬರೀ ಮೊಳೆ ಚುಚ್ಚುವ ಸಾಧನದಿಂದ ತೂತಿನ ಸುತ್ತಲ ಮಣ್ಣು ಇನ್ನಷ್ಟು ಬಿಗಿಯುತ್ತದೆ. ನಿಮ್ಮದು ಬರ್ಮುಡಾ ಅಥವಾ ಜೋಯ್ಸಿಯಾ ಥರದ ಬೆಚ್ಚಗಿನ ಪ್ರದೇಶದ ಹುಲ್ಲಾದರೆ ಈ ಮಾತೆಲ್ಲ ತಲೆಕೆಳಗು. ಅವು ನಿದ್ದೆಗೆ ಹೋಗುವ ಕಾಲದಲ್ಲಿ ಸಾರಜನಕ ಕೊಟ್ಟು ಎಬ್ಬಿಸಬಾರದು.

ಡ್ಯಾಂಡೆಲಿಯನ್‌ನಂಥ ಬಹುವಾರ್ಷಿಕ ಕಳೆಗಳು ಇದೇ ಹೊತ್ತಿನಲ್ಲಿ ಎಲೆಯ ಸಕ್ಕರೆಯನ್ನು ಬೇರಿಗೆ ಇಳಿಸುತ್ತಿರುತ್ತವೆ. ಈಗ ಬೇರು ಸಮೇತ ಕಿತ್ತರೆ ಅವುಗಳ ಖಜಾನೆಗೇ ಕೈ ಹಾಕಿದಂತೆ. ಮಳೆ ಬಂದ ಮಾರನೆಯ ದಿನ ಕೀಳಿ, ಇಡಿಯಾಗಿ ಬರುತ್ತದೆ.

ಸಸಿಗಳು ಬೇರು ಸಮೇತ ಮೇಲೆದ್ದದ್ದನ್ನು ನೋಡಿ ‘ಚಳಿಗೆ ಸತ್ತವು’ ಎಂದುಕೊಂಡಿರಬಹುದು. ಅವನ್ನು ಕೊಂದದ್ದು ಚಳಿಯ ಏರಿಳಿತ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣಿನಲ್ಲಿ ಕೆಳಗಿನ ನೀರು ಮೇಲಕ್ಕೆ ಸೆಳೆದುಕೊಂಡು ಬಂದು ಹಾಳೆ ಹಾಳೆಯಾಗಿ ಮಂಜುಗಡ್ಡೆ ಕಟ್ಟುತ್ತದೆ. ಆ ಹಾಳೆಗಳು ಬೆಳೆಯುತ್ತ ಮೇಲಿನ ಮಣ್ಣನ್ನೂ ಅದರಲ್ಲಿರುವ ಗಿಡವನ್ನೂ ಎತ್ತುತ್ತವೆ. ಕರಗಿದಾಗ ಮಣ್ಣು ಕೆಳಗಿಳಿಯುತ್ತದೆ, ಗಿಡ ಮೇಲೆಯೇ ಉಳಿಯುತ್ತದೆ. ಬೇರು ಗಾಳಿಗೆ ತೆರೆದುಕೊಂಡು ಒಣಗುತ್ತದೆ. ಬೇರು ಹರಡಿ ನೆಲ ಹಿಡಿದ ಗಿಡಕ್ಕೆ ಈ ಗತಿ ಬರುವುದು ಅಪರೂಪ. ತಡವಾಗಿ ನೆಟ್ಟ ಎಳೆಯ ಸಸಿಗೆ ಸುಲಭವಾಗಿ ಬರುತ್ತದೆ. ಹೀಗಾಗಿ ನೆಲ ಹೆಪ್ಪುಗಟ್ಟುವುದಕ್ಕೆ ಆರು ವಾರವಾದರೂ ಇರುವಾಗ ನೆಡಿ. ಅಷ್ಟು ದಿನ ಸಿಗದಿದ್ದರೆ ಸಸಿಯನ್ನು ಕುಂಡದ ಸಮೇತ ಗೋಡೆಯ ಮರೆಯಲ್ಲಿ ಮಣ್ಣಿನೊಳಗೆ ಹೂತಿಟ್ಟು ವಸಂತದಲ್ಲಿ ನೆಡಿ. ಚಕ್ಕೆಯ ಅಥವಾ ಒಣ ಎಲೆಯ ಹೊದಿಕೆಯನ್ನು ಬೇಗ ಹಾಕುವುದೂ ತಪ್ಪೇ. ಬೆಚ್ಚಗಿರಲಿ ಎಂದು ಮುಂಚೆಯೇ ಹೊದಿಸಿದರೆ ನೆಲ ಹೆಪ್ಪುಗಟ್ಟುವುದು ತಡವಾಗುತ್ತದೆ, ಇಲಿಗಳು ಬಂದು ಗೂಡು ಮಾಡಿಕೊಳ್ಳುತ್ತವೆ. ನೆಲ ಒಮ್ಮೆ ಗಟ್ಟಿಯಾದ ಮೇಲೆ 5ರಿಂದ 10 ಸೆಂಟಿಮೀಟರ್ ಹೊದಿಕೆ ಹಾಕಿ. ಹೆಪ್ಪುಗಟ್ಟಿದ ಮಣ್ಣನ್ನು ಹಾಗೆಯೇ ಉಳಿಸುವುದಕ್ಕೆ ಅದು ಬೇಕು.

ಸೇಬಿನ ಗಿಡಕ್ಕೆ ಮಾಡಿದ್ದು ಅಂಥದ್ದೇ ತಪ್ಪು. ಬುಡದ ಸುತ್ತ ಚಕ್ಕೆಯನ್ನು ಗುಡ್ಡದಂತೆ ಏರಿಸಿದಾಗ ತೊಗಟೆ ತೇವದಲ್ಲಿ ಕೊಳೆಯುತ್ತದೆ, ಹೊಲದ ಇಲಿಗಳಿಗೆ ಚಾವಣಿಯೂ ಸಿಗುತ್ತದೆ. ಹಿಮದ ಕೆಳಗೆ ಯಾರ ಕಣ್ಣಿಗೂ ಬೀಳದೆ ಸಿಹಿ ತೊಗಟೆಯನ್ನು ಕೊರೆದುಕೊಂಡು ಕೂರುತ್ತವೆ. ಗಾಯ ಕಾಂಡದ ಒಂದು ಬದಿಗಷ್ಟೇ ಇದ್ದರೆ ಗಿಡ ಬದುಕುತ್ತದೆ, ಅಂಚಿನಿಂದ ನಿಧಾನಕ್ಕೆ ಹೊಸ ತೊಗಟೆ ಬರುತ್ತದೆ. ಬಳೆಯ ಹಾಗೆ ಸುತ್ತಲೂ ಕಡಿದಿದ್ದರೆ ಎಲೆಯಿಂದ ಬೇರಿಗೆ ಸಕ್ಕರೆ ಇಳಿಯುವ ದಾರಿಯೇ ಮುಚ್ಚಿತು. ಸೇತುವೆ ಕಸಿ (ಗಾಯದ ಮೇಲಿನ, ಕೆಳಗಿನ ತೊಗಟೆಯನ್ನು ಕಡ್ಡಿಗಳಿಂದ ಜೋಡಿಸುವುದು) ಮಾಡಬಲ್ಲ ಕೈ ಸಿಗದಿದ್ದರೆ ಆಸೆ ಬಿಡಬೇಕು. ಈ ಸಲ ಚಕ್ಕೆಯನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿ, 6 ಮಿಲಿಮೀಟರ್ ಕಣ್ಣಿನ ತಂತಿ ಬಲೆಯನ್ನು ಕೊಳವೆಯಂತೆ ಸುತ್ತಿ ಕೆಳ ಅಂಚನ್ನು ನಾಲ್ಕು ಬೆರಳಷ್ಟು ಮಣ್ಣಿನೊಳಗೆ ಇಳಿಸಿ. ಬಲೆ ಹಿಮ ಕೂರುವ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಹಿಮವೇ ಇಲಿ, ಮೊಲಗಳಿಗೆ ಏಣಿಯಾಗುತ್ತದೆ.

ಎಲೆಗಳ ವಿಷಯಕ್ಕೆ ಬರೋಣ, ನನಗೆ ಹೆಚ್ಚು ಮಾತಾಡಬೇಕೆನಿಸುವುದು ಇಲ್ಲೇ. ಚಿನ್ನದಂಥ ಸರಕನ್ನು ಚೀಲಕ್ಕೆ ತುಂಬಿ ಬೀದಿಗಿಟ್ಟು, ವಸಂತದಲ್ಲಿ ಹಣ ಕೊಟ್ಟು ಗೊಬ್ಬರದ ಚೀಲ ತರುವ ವ್ಯವಹಾರ ನನಗಿನ್ನೂ ಅರ್ಥವಾಗಿಲ್ಲ. ಹುಲ್ಲಿನ ಮೇಲೆ ಬಿದ್ದ ಎಲೆ ತೆಳುವಾಗಿದ್ದರೆ ಅದರ ಮೇಲೇ ಹುಲ್ಲು ಕತ್ತರಿಸುವ ಯಂತ್ರವನ್ನು ಎರಡು ಸಲ ಓಡಿಸಿ. ಪುಡಿಯಾಗಿ ಗರಿಗಳ ಸಂದಿಗೆ ಇಳಿದು ಎರೆಹುಳುವಿನ ಪಾಲಾಗುತ್ತದೆ. ಓಡಿಸಿದ ಮೇಲೂ ಹುಲ್ಲು ಕಾಣದಷ್ಟು ಎಲೆಯಿದ್ದರೆ ಹೆಚ್ಚಿನದನ್ನು ಎತ್ತಿ ಹೂವಿನ ಪಾತಿಗೆ, ಪೊದೆಗಳ ಕೆಳಗೆ ಹರಡಿ. ಅಲ್ಲೂ ಹೆಚ್ಚಾದರೆ ಒಂದು ಮೀಟರ್ ಅಗಲದ ತಂತಿ ಬಲೆಯ ಗೂಡಿನಲ್ಲಿ ತುಂಬಿ, ನೀರು ಹಾಕಿ ಒದ್ದೆ ಮಾಡಿ, ಮರೆತುಬಿಡಿ. ಒಂದೆರಡು ವರ್ಷದಲ್ಲಿ ಕಾಡಿನ ನೆಲದ ವಾಸನೆಯ ಕಪ್ಪು ಎಲೆಗೊಬ್ಬರ ಸಿಗುತ್ತದೆ. ಇದು ಕಾಂಪೋಸ್ಟ್ ರಾಶಿಯಂತೆ ಬಿಸಿಯಾಗುವುದಿಲ್ಲ, ಇಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಶಿಲೀಂಧ್ರಗಳು. ಓಕ್ ಎಲೆಯಲ್ಲಿ ಬೇಗ ಕೊಳೆಯದ ಲಿಗ್ನಿನ್, ಟ್ಯಾನಿನ್ ಎಂಬ ಅಂಶಗಳು ಜಾಸ್ತಿ, ಅದಕ್ಕೆ ಇನ್ನಷ್ಟು ತಾಳ್ಮೆ ಬೇಕು. ಬೇಗ ಬೇಕೆನ್ನುವವರು ಮೂರು ಪಾಲು ಒಣ ಎಲೆಗೆ ಒಂದು ಪಾಲು ಹಸಿ ಕಸ ಸೇರಿಸಿ ತಿಪ್ಪೆ ಮಾಡಿಕೊಳ್ಳಲಿ.

ಇದಕ್ಕೆ ಅಪವಾದವಿದೆ, ಅದನ್ನು ಮಾತ್ರ ಸಡಿಲ ಬಿಡಬೇಡಿ. ಸೇಬಿನ ಕಜ್ಜಿ ರೋಗದ ಶಿಲೀಂಧ್ರ ಚಳಿಗಾಲ ಕಳೆಯುವುದು ಬಿದ್ದ ಎಲೆಯಲ್ಲೇ, ವಸಂತದ ಮಳೆಗೆ ಅಲ್ಲಿಂದಲೇ ಬೀಜಕಣ ಹಾರಿ ಹೊಸ ಎಲೆಗೆ ಅಂಟುತ್ತದೆ. ಗುಲಾಬಿಯ ಕಪ್ಪು ಚುಕ್ಕೆ ರೋಗವೂ ಉದುರಿದ ಎಲೆಯಲ್ಲಿ ಉಳಿಯುತ್ತದೆ. ಇಂಥ ಗಿಡಗಳ ಕೆಳಗಿನ ಎಲೆ, ಕೊಳೆತು ಬಿದ್ದ ಹಣ್ಣು, ರೋಗ ಬಂದ ಟೊಮೇಟೊ ಬಳ್ಳಿ ಇವನ್ನು ಪೂರ್ತಿ ತೆಗೆದು ತೋಟದಿಂದ ಹೊರಗೆ ಸಾಗಿಸಿ. ಮನೆಯ ತಿಪ್ಪೆ ಸಾಮಾನ್ಯವಾಗಿ ಅವನ್ನು ಕೊಲ್ಲುವಷ್ಟು ಬಿಸಿಯಾಗುವುದಿಲ್ಲ.

ಉಳಿದ ಒಣ ಕಡ್ಡಿಗಳನ್ನು ನಿಲ್ಲಲು ಬಿಡಿ ಎಂದರೆ ನಿಮ್ಮ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಟೊಳ್ಳು ಕಾಂಡದೊಳಗೆ ಒಂಟಿ ಜೇನ್ನೊಣಗಳ ಮರಿಗಳು ಮಲಗಿರುತ್ತವೆ, ತರಗೆಲೆಯ ಕೆಳಗೆ ಎಷ್ಟೋ ಚಿಟ್ಟೆ, ಪತಂಗಗಳ ಕೋಶವಿರುತ್ತದೆ, ಬಂಬಲ್ ಬೀ ರಾಣಿ ಸಡಿಲ ಮಣ್ಣಿನಲ್ಲಿ ಒಬ್ಬಳೇ ಚಳಿಗಾಲ ಕಳೆಯುತ್ತಾಳೆ. ಎಕಿನೇಷಿಯಾ, ಸೂರ್ಯಕಾಂತಿಯ ಒಣ ತಲೆಗಳಲ್ಲಿ ಬೀಜ ಮುಗಿಯುವವರೆಗೆ ಹಕ್ಕಿಗಳು ಬರುತ್ತವೆ. ಕಡ್ಡಿಗಳು ಹಿಮವನ್ನು ತಡೆದು ಬುಡದಲ್ಲೇ ನಿಲ್ಲಿಸುತ್ತವೆ, ಹಿಮ ಗಿಡಕ್ಕೆ ಒಳ್ಳೆಯ ಕಂಬಳಿ. ಬೀದಿಗೆ ಕಾಣುವ ಅಂಚನ್ನು ಚೊಕ್ಕಟ ಮಾಡಿ ಹಿಂದಿನದನ್ನು ಬಿಟ್ಟರೆ ನಿಮಗೂ ಸಮಾಧಾನ, ಅವಕ್ಕೂ ಮನೆ.

ಈಗ ನಿಮ್ಮ ಎರಡು ಶನಿವಾರ. ‘ಇಂಥ ತಿಂಗಳು ಇಂಥ ಕೆಲಸ’ ಎಂಬ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಉತ್ತರ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಿಂದ ನವೆಂಬರ್ ಶರತ್ಕಾಲವಾದರೆ ದಕ್ಷಿಣಕ್ಕೆ ಅದು ಮಾರ್ಚ್‌ನಿಂದ ಮೇ. ಅದು ಹಾಗಿರಲಿ, ತಣ್ಣನೆಯ ಗಾಳಿ ತಗ್ಗಿಗೆ ಇಳಿಯುವುದರಿಂದ ಒಂದೇ ಬೀದಿಯ ಕೆಳಗಿನ ಮನೆಗೆ ಹೆಪ್ಪುಮಂಜು ಮೊದಲು ಬರುತ್ತದೆ. ನಿಮ್ಮ ಕಡೆ ಮೊದಲ ಹೆಪ್ಪುಮಂಜು ಸಾಮಾನ್ಯವಾಗಿ ಯಾವ ವಾರ ಬೀಳುತ್ತದೆ ಎಂದು ತಿಳಿದುಕೊಳ್ಳಿ, ಮಣ್ಣಿಗೆ ಚುಚ್ಚುವ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ.

ಮೊದಲ ಶನಿವಾರ ಆ ವಾರಕ್ಕಿಂತ ಆರೇಳು ವಾರ ಮುಂಚೆ ಬರಲಿ. ಅಂದು ಹುಲ್ಲಿನ ಕೆಲಸ ಮತ್ತು ನೆಡುವ ಕೆಲಸ. ಒಂದು ಹಿಡಿ ಮಣ್ಣು ಪರೀಕ್ಷೆಗೂ ಹೋಗಲಿ. ಹುಳಿ ಮಣ್ಣೆಂದು ಬಂದರೆ ಸುಣ್ಣವನ್ನು ಈಗಲೇ ಹಾಕಬಹುದು, ಅದು ಕೆಲಸ ತೋರಿಸಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಖಾಲಿಯಾದ ತರಕಾರಿ ಮಡಿಗೆ ರೈ ಧಾನ್ಯವನ್ನೋ ವೆಚ್ ಬೀಜವನ್ನೋ ಎರಚಿಬಿಡಿ. ಮಣ್ಣು ಬೆತ್ತಲೆ ಉಳಿಯುವುದಿಲ್ಲ, ವೆಚ್ ದ್ವಿದಳ ಜಾತಿಯದಾದ್ದರಿಂದ ಗಾಳಿಯ ಸಾರಜನಕವನ್ನೂ ಕಟ್ಟಿಕೊಡುತ್ತದೆ. ಹೊರಗಿಟ್ಟ ಮನೆಯ ಗಿಡಗಳನ್ನು ರಾತ್ರಿಯ ಉಷ್ಣಾಂಶ 10 ಡಿಗ್ರಿಗೆ ಇಳಿಯುವ ಮುಂಚೆ ಒಳಗೆ ತನ್ನಿ, ಎಲೆಯ ಅಡಿಭಾಗದಲ್ಲಿ ಹೇನು ಇದೆಯೇ ನೋಡಿಕೊಂಡು.

ಎರಡನೆಯ ಶನಿವಾರ ಎಲೆ ಬಹುಪಾಲು ಉದುರಿ, ಮಣ್ಣು ಸುಮಾರು 10 ಡಿಗ್ರಿಗೆ ಇಳಿದ ಮೇಲೆ. ಎಲೆ ಪುಡಿ ಮಾಡುವುದು, ಹುಲ್ಲಿನ ಕೊನೆಯ ಕಟಾವು, ಗಡ್ಡೆ ನೆಡುವುದು ಅಂದಿಗೆ. ಹುಲ್ಲನ್ನು ಐದಾರು ಸೆಂಟಿಮೀಟರ್ ಎತ್ತರದಲ್ಲಿ ಬಿಡಿ, ಬೋಳಿಸಬೇಡಿ. ಟ್ಯೂಲಿಪ್, ಡ್ಯಾಫೊಡಿಲ್ ಗಡ್ಡೆಗಳನ್ನು ಅವುಗಳ ಎತ್ತರದ ಮೂರರಷ್ಟು ಆಳದಲ್ಲಿ ಇಡಿ. ಹೂಕಾಂಡ ಉದ್ದಕ್ಕೆ ಬರಲು ಟ್ಯೂಲಿಪ್‌ಗೆ ಹೆಚ್ಚುಕಡಿಮೆ 12ರಿಂದ 16 ವಾರಗಳ ಚಳಿ ಬೇಕು. ಬೆಳ್ಳುಳ್ಳಿಯ ದಪ್ಪ ಎಸಳುಗಳನ್ನು ಮೂತಿ ಮೇಲೆ ಮಾಡಿ ಊರುವುದೂ ಇದೇ ಹೊತ್ತಿನಲ್ಲಿ. ಡೇಲಿಯಾ, ಕ್ಯಾನಾ ಗಡ್ಡೆಗಳದ್ದು ಇದಕ್ಕೆ ತದ್ವಿರುದ್ಧ. ಮಂಜಿಗೆ ಎಲೆ ಕಪ್ಪಾದ ಮೇಲೆ ಅವನ್ನು ಅಗೆದು ತೆಗೆದು, ಮಣ್ಣು ಕೊಡವಿ, ಹೆಪ್ಪುಗಟ್ಟದ ತಂಪು ಕೋಣೆಯಲ್ಲಿ ಕೊಳೆತ ಪಾಚಿಯ ಒಣ ಪುಡಿಯಾದ ಪೀಟ್‌ನೊಳಗೆ ಹುದುಗಿಸಿಡಿ. ಕ್ಯಾರೆಟ್, ಕೇಲ್ ಸೊಪ್ಪನ್ನು ಕೀಳಲು ಅವಸರ ಬೇಡ, ಚಳಿಗೆ ಅವು ಪಿಷ್ಟವನ್ನು ಸಕ್ಕರೆ ಮಾಡಿಕೊಂಡು ಇನ್ನಷ್ಟು ಸಿಹಿಯಾಗುತ್ತವೆ.

ಕತ್ತಲಾಗುವ ಮುಂಚೆ ನೀರಿನ ಕೆಲಸ. ನಿತ್ಯಹಸಿರು ಗಿಡಗಳಿಗೂ ಈ ವರ್ಷ ನೆಟ್ಟವಕ್ಕೂ ಬುಡ ತುಂಬ ನೀರು ಕೊಡಿ, ನೆಲ ಹೆಪ್ಪುಗಟ್ಟುವವರೆಗೆ ಮಳೆಯಿಲ್ಲದ ವಾರಗಳಲ್ಲಿ ಇದು ನಡೆಯಲಿ. ಚಳಿಗಾಲದಲ್ಲಿ ಅವುಗಳ ಎಲೆ ಕಂದಾಗುವುದು ಬಹಳ ಸಲ ಬಾಯಾರಿಕೆಯಿಂದ. ಗಾಳಿ, ಬಿಸಿಲು ಎಲೆಯ ನೀರನ್ನು ಹೀರುತ್ತಿದ್ದರೂ ಹೆಪ್ಪುಗಟ್ಟಿದ ಮಣ್ಣಿನಿಂದ ಬೇರಿಗೆ ಏನೂ ಸಿಗುವುದಿಲ್ಲ. ಆಮೇಲೆ ನೀರಿನ ಪೈಪನ್ನು ನಲ್ಲಿಯಿಂದ ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದಿಡಿ. ನಾನು ಒಂದು ವರ್ಷ ಪೈಪ್ ಬಿಚ್ಚುವುದನ್ನು ಮರೆತೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂದು ಪಾಠ ಹೇಳಿಕೊಂಡು ತಿರುಗುವವನ ಮನೆಯ ಗೋಡೆಯೊಳಗೇ ಕೊಳವೆ ಸೀಳಿತ್ತು. ಮಣ್ಣಿನ ಕುಂಡಗಳೂ ಇದೇ ಕಾರಣಕ್ಕೆ ಬಿರಿಯುತ್ತವೆ, ಒಳಗೆ ಸೇರಿಸಿ. ಗುದ್ದಲಿಯ ಹಿಡಿಗೆ ಅಗಸೆ ಎಣ್ಣೆ ಸವರುವ ಅಭ್ಯಾಸವಿದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಬಿಡಿಸಿ ಹೊರಗೆ ಒಣಹಾಕಿ.

ಹೊದಿಕೆ ಹಾಕುವುದು ಈ ಎರಡೂ ಶನಿವಾರಕ್ಕೆ ಸೇರುವುದಿಲ್ಲ. ಮುಂಜಾನೆ ಪಾತಿಯ ಮಣ್ಣಿಗೆ ಹೆಬ್ಬೆರಳು ಒತ್ತಿ ನೋಡಿ, ಒಂದು ವಾರ ಸತತವಾಗಿ ಕಲ್ಲಿನಂತಿದ್ದರೆ ಹೊರಟು ನಿಲ್ಲುವ ಮುಂಚಿನ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಚಕ್ಕೆಯನ್ನೋ ಒಣ ಎಲೆಯನ್ನೋ ಮಾತ್ರ ಈಗಲೇ ಚೀಲದಲ್ಲಿ ತುಂಬಿ ಸೂರಿನ ಕೆಳಗೆ ಒಣಗಿದ್ದಂತೆ ಇಟ್ಟುಕೊಳ್ಳಿ. ಅಂಗಳದಲ್ಲಿ ಬಿಟ್ಟ ರಾಶಿ ಆ ಹೊತ್ತಿಗೆ ತಾನೇ ಹೆಪ್ಪುಗಟ್ಟಿರುತ್ತದೆ, ಅದಕ್ಕೆ ಸಲಿಕೆ ಇಳಿಯುವುದಿಲ್ಲ.